ಬೇಲಿ ದಾಟಲು ಇನ್ನೂರ ಹನ್ನೆರಡು ಕಿಲೋಮೀಟರ್ ಸುತ್ತಿದ ಕ್ಯಾರೆಟ್ ಕುರಿತು

ಗೆ,
ಮಾನ್ಯ ಮುಖ್ಯ ಖರೀದಿ ಅಧಿಕಾರಿಗಳು,
ಶಾಲಾ ಆಹಾರ ವಿಭಾಗ,
ನಗರಸಭೆ ಕಟ್ಟಡ, ಮೂರನೇ ಮಹಡಿ.

ಮಾನ್ಯರೇ,

ತಮಗೂ, ತಮ್ಮ ಮನೆಯವರಿಗೂ, ತಮ್ಮ ಮೇಜಿನ ಮೇಲೆ ದಿನೇ ದಿನೇ ಎತ್ತರವಾಗುತ್ತಿರುವ ಫೈಲುಗಳ ಗುಡ್ಡಕ್ಕೂ, ಆ ಗುಡ್ಡ ಹಾರಿಹೋಗದಂತೆ ತಾವು ಅದರ ನೆತ್ತಿಯ ಮೇಲಿಟ್ಟಿರುವ ಗಾಜಿನ ಗುಂಡಿಗೂ ನನ್ನ ಅನಂತ ನಮಸ್ಕಾರಗಳು. ತಮ್ಮ ಅಧೀನದ ಹನ್ನೆರಡು ಶಾಲೆಗಳ ಪೈಕಿ ಒಂದರಲ್ಲಿ, ಹತ್ತೊಂಬತ್ತು ವರ್ಷಗಳಿಂದ, ಮುನ್ನೂರ ನಲವತ್ತು ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುತ್ತಿರುವ ಮುಖ್ಯ ಅಡುಗೆಯವಳು ನಾನು. ಮಕ್ಕಳು ನನ್ನನ್ನು ಸೌಟಮ್ಮ ಎನ್ನುತ್ತಾರೆ. ತಮ್ಮ ಕಚೇರಿ ‘ಆಹಾರ ಸಿದ್ಧತಾ ಘಟಕ, ಕ್ರಮಸಂಖ್ಯೆ ಒಂಬತ್ತು’ ಎನ್ನುತ್ತದೆ. ಎರಡಕ್ಕೂ ಓಗೊಡುತ್ತೇನೆ. ಈ ಪತ್ರವನ್ನು ನೇರವಾಗಿ ತಮಗೇ ಕಳಿಸಬೇಕಿತ್ತು, ಕಳಿಸಿಯೂ ಇದ್ದೆ. ಮೂರು ಸಲ ಕಳಿಸಿದಾಗಲೂ ಅದು ‘ಸ್ವೀಕರಿಸಲಾಗಿದೆ’ ಎಂಬ ಮುದ್ರೆಯನ್ನು ಹಣೆಗೆ ಒತ್ತಿಸಿಕೊಂಡು, ಒಡೆಯದೆ, ನನಗೇ ವಾಪಸು ಬಂತು. ತಮ್ಮಂಥ ದೊಡ್ಡವರು ಬೆಳಿಗ್ಗೆ ಪತ್ರಿಕೆಯನ್ನಾದರೂ ಬಿಡಿಸುತ್ತೀರೆಂಬ ಭರವಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ. ಬರಹದಲ್ಲಿ ತಪ್ಪಿದ್ದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ; ಹೊಟ್ಟೆಗೆ ಹಾಕುವ ವಿಷಯವೇ ಆದ್ದರಿಂದ ಅದೇನೂ ಕಷ್ಟವಾಗಲಾರದು.

ಮೊದಲು ತಮ್ಮ ‘ಏಕರೂಪ ಪೂರೈಕೆ ಆದೇಶ’ಕ್ಕೆ ನನ್ನ ಅಭಿನಂದನೆ ಸಲ್ಲಬೇಕು. ಯಾವುದೇ ಶಾಲೆಯ ಅಡುಗೆಮನೆಗೆ ಬರುವ ಯಾವುದೇ ತರಕಾರಿ ಮೊದಲು ಕೇಂದ್ರ ಉಗ್ರಾಣಕ್ಕೆ ಹೋಗಬೇಕು, ಅಲ್ಲಿ ತೊಳೆಸಿಕೊಂಡು, ಅಳೆಸಿಕೊಂಡು, ತಣ್ಣಗಾಗಿ, ಮೈಮೇಲೆ ಚೀಟಿ ಅಂಟಿಸಿಕೊಂಡು ಆಮೇಲೆ ಬರಬೇಕು ಎಂದು ತಾವು ಅಪ್ಪಣೆ ಮಾಡಿದಿರಿ. ಕ್ಯಾರೆಟ್ಟಿಗೆ ‘ಕೆಂಪುಬೇರು, ವರ್ಗ ಮೂರು’ ಎಂಬ ಬಿರುದು ಕೊಟ್ಟು, ಅದು ಹದಿನೈದು ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ, ಹದಿನೆಂಟಕ್ಕೆ ಮೀರದಂತೆ, ಮುಖ್ಯವಾಗಿ ನೆಟ್ಟಗೆ ಬೆಳೆಯಬೇಕೆಂದೂ ಬರೆದಿರಿ. ಆದೇಶದ ಹಿಂದಿನ ಉದ್ದೇಶ ಒಳ್ಳೆಯದೆಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಎಲ್ಲೋ ಒಂದು ಶಾಲೆಗೆ ಕೊಳೆತ ಎಲೆಕೋಸು ಬಂದಿತ್ತಂತೆ. ಕೋಸು ಕೊಳೆತರೆ ಕಣ್ಣು ಮುಚ್ಚಿ ಕೂರುವವರಲ್ಲ ತಾವು. ಆ ಒಂದು ಕೋಸಿನ ತಪ್ಪಿಗೆ ಹನ್ನೆರಡು ಶಾಲೆಗಳ ತರಕಾರಿಯನ್ನೆಲ್ಲ ಊರು ಬಿಡಿಸಿದಿರಿ.

ಈಗ ನಮ್ಮ ಅಡುಗೆಮನೆಯ ಭೂಗೋಳವನ್ನು ತಮ್ಮ ಗಮನಕ್ಕೆ ತರಬೇಕು. ಹಿಂಬಾಗಿಲು ತೆಗೆದರೆ ಒಂದು ನಲ್ಲಿ, ನಲ್ಲಿಯ ಪಕ್ಕ ಪಾತ್ರೆ ಬೋರಲು ಹಾಕುವ ಕಟ್ಟೆ, ಕಟ್ಟೆಯಾಚೆ ತಂತಿಬೇಲಿ, ಬೇಲಿಯಾಚೆ ಕ್ಯಾರೆಟ್ಟು. ಹೊಸಿಲಿನಿಂದ ಬೇಲಿಗೆ ಹನ್ನೊಂದು ಅಡಿ. ಆ ತೋಟ ಒಂದು ಮನೆತನದ್ದು. ಅದನ್ನು ನಡೆಸುವವರು ಒಬ್ಬ ಅತ್ತೆ ಮತ್ತು ಒಬ್ಬ ಸೊಸೆ. ನಮ್ಮ ಬೀದಿಯೆಲ್ಲ ಅವರನ್ನು ಕರೆಯುವುದೂ ಅತ್ತೆ, ಸೊಸೆ ಎಂದೇ. ಸೊಸೆಯ ಗಂಡ ರೈಲಿನಲ್ಲಿ ಗಾರ್ಡ್. ವಾರದಲ್ಲಿ ಎರಡು ದಿನ ಮನೆಗೆ ಬರುತ್ತಾನೆ, ಆ ಎರಡು ದಿನವೂ ತಾಯಿ ಮತ್ತು ಹೆಂಡತಿಯ ನಡುವೆ ಯಾವ ಬಾವುಟ ತೋರಿಸಬೇಕೆಂದು ತಿಳಿಯದೆ ನಿಂತಿರುತ್ತಾನೆ. ಏಕೆಂದರೆ, ಮಾನ್ಯರೇ, ಆ ಇಬ್ಬರು ಹೆಂಗಸರು ಒಂಬತ್ತು ವರ್ಷಗಳಿಂದ ಒಬ್ಬರ ಜೊತೆ ಒಬ್ಬರು ನೇರವಾಗಿ ಮಾತಾಡಿರಲಿಲ್ಲ. ಮಾತು ನಿಂತದ್ದು ಯಾತಕ್ಕೆಂದು ಇಬ್ಬರಿಗೂ ಸರಿಯಾಗಿ ನೆನಪಿಲ್ಲ. ಒಂದು ಗುದ್ದಲಿಯ ಹಿಡಿ ಮುರಿದ ಸಂಗತಿ ಎಂದು ಸೊಸೆ, ಅದು ಗುದ್ದಲಿಯಲ್ಲ ಸನಿಕೆ ಎಂದು ಅತ್ತೆ. ಒಂದೇ ಸಾಲಿನಲ್ಲಿ, ನಾಲ್ಕು ಅಡಿ ಅಂತರದಲ್ಲಿ ಕೂತು ಕಳೆ ಕೀಳುತ್ತಿದ್ದರೂ ಅವರ ಮಾತೆಲ್ಲ ನನ್ನ ಮೂಲಕವೇ ಹೋಗಿ ಬರುತ್ತಿತ್ತು.

“ಅವಳಿಗೆ ಹೇಳು, ನೀರು ಜಾಸ್ತಿ ಬಿಟ್ಟಿದಾಳೆ,” ಎಂದು ಅತ್ತೆ ಬೇಲಿಯ ಕಡೆ ಕೂಗುತ್ತಿದ್ದರು.

“ಅವರಿಗೆ ಹೇಳಿ ಅಕ್ಕ, ಮಣ್ಣು ಒಣಗಿತ್ತು,” ಎಂದು ಸೊಸೆ ಅದೇ ಬೇಲಿಯ ಕಡೆ ಉತ್ತರಿಸುತ್ತಿದ್ದಳು.

ನಾನು ಕೈಯಲ್ಲಿ ಸೌಟು ಹಿಡಿದು ಕಿಟಕಿಯಲ್ಲಿ ನಿಂತು, ಇಬ್ಬರಿಗೂ ಕೇಳಿಸಿದ್ದನ್ನು ಇಬ್ಬರಿಗೂ ಮತ್ತೊಮ್ಮೆ ಹೇಳುತ್ತಿದ್ದೆ. ಆದರೆ ಬೆಳಿಗ್ಗೆ ಎಂಟಕ್ಕೆ ಬೇಲಿಯ ಮೇಲಿಂದ ಬುಟ್ಟಿ ಈಚೆ ಬರುವುದು ಒಂದು ದಿನವೂ ತಪ್ಪಿರಲಿಲ್ಲ. ಬುಟ್ಟಿಯ ಒಂದು ಕಿವಿಯನ್ನು ಅತ್ತೆ ಹಿಡಿಯುತ್ತಿದ್ದರು, ಇನ್ನೊಂದನ್ನು ಸೊಸೆ. ಒಂಬತ್ತೂವರೆಗೆ ಆ ಕ್ಯಾರೆಟ್ಟು ಪಾತ್ರೆಯಲ್ಲಿರುತ್ತಿತ್ತು, ಹನ್ನೆರಡೂವರೆಗೆ ಮಕ್ಕಳಲ್ಲಿರುತ್ತಿತ್ತು. ಇದು ಎಷ್ಟು ಅಕ್ರಮವಾದ ಏರ್ಪಾಡು ಎಂಬುದು ತಮ್ಮ ಆದೇಶ ಬರುವವರೆಗೆ ನಮ್ಮ ಯಾರ ಗಮನಕ್ಕೂ ಬಂದಿರಲಿಲ್ಲ.

ಆದೇಶ ಬಂದ ಮಂಗಳವಾರ ಉಗ್ರಾಣದ ಲಾರಿ ಬಂತು. ನಾವು ಕಾಯಿದೆ ಮೀರುವವರಲ್ಲ. ಅತ್ತೆ ಸೊಸೆ ಎಂಟು ಮೂಟೆ ಕ್ಯಾರೆಟ್ಟನ್ನು ಲಾರಿಗೆ ಹಾಕಿದರು. ಸೊಸೆಗೆ ಒಂದು ಅಭ್ಯಾಸ, ಕಂತೆಗಳನ್ನು ಮನೆಯ ಹಳೆಯ ನೀಲಿ ಪರದೆ ಹರಿದು, ಆ ಪಟ್ಟಿಯಿಂದಲೇ ಕಟ್ಟುತ್ತಾಳೆ. ಶುಕ್ರವಾರ ನಮ್ಮ ಅಡುಗೆಮನೆಯ ಮುಂಬಾಗಿಲಿಗೆ ತಮ್ಮ ಲಾರಿ ಬಂದು, ನಾನು ಪೆಟ್ಟಿಗೆ ಬಿಚ್ಚಿದರೆ, ಮೂರನೇ ಪೆಟ್ಟಿಗೆಯಲ್ಲಿ ನೀಲಿ ಪರದೆ! ಹುಟ್ಟಿದ ಜಾಗದಿಂದ ಹನ್ನೊಂದು ಅಡಿ ಈಚೆಗೆ ಬರಲು ಆ ಕ್ಯಾರೆಟ್ಟು ನಾಲ್ಕು ದಿನ ತೆಗೆದುಕೊಂಡಿತ್ತು. ಪೆಟ್ಟಿಗೆಯ ಮೇಲೆ ‘ದೂರದ ತೋಟಗಳಿಂದ ತಾಜಾ’ ಎಂಬ ಚೀಟಿ ಇತ್ತು. ತಮ್ಮ ಇಲಾಖೆ ಸುಳ್ಳು ಹೇಳುವುದಿಲ್ಲ. ಅದು ನಿಜವಾಗಿಯೂ ದೂರದಿಂದಲೇ ಬಂದಿತ್ತು. ನಮ್ಮ ಬೀದಿಯ ಬಸ್ಸಿನ ಕಂಡಕ್ಟರ್ ಅಣ್ಣನ ದಾರಿಯಲ್ಲೇ ಆ ಉಗ್ರಾಣವಿದೆ. ಹೋಗಲು ನೂರಾ ಆರು ಕಿಲೋಮೀಟರ್, ಬರಲು ನೂರಾ ಆರು ಎಂದು ಅವನು ಬೆರಳು ಮಡಿಚಿ ಹೇಳಿದ. ಮದುವೆಯಾದ ಮೇಲೆ ನಾನೇ ಅಷ್ಟು ದೂರ ಹೋಗಿಲ್ಲ. ತಂಪು ಗಾಡಿಯಲ್ಲಿ, ಯಾರ ಕಾಟವೂ ಇಲ್ಲದೆ, ದೇಶ ನೋಡಿಕೊಂಡು ಬಂದ ಆ ಕ್ಯಾರೆಟ್ಟಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಪ್ರವಾಸ ಎಲ್ಲರಿಗೂ ಒಗ್ಗುವುದಿಲ್ಲ. ಎರಡನೇ ತರಗತಿಯ ಒಬ್ಬಳು ಪುಟ್ಟಿ ತಟ್ಟೆಯಲ್ಲಿದ್ದ ಕ್ಯಾರೆಟ್ ತುಂಡನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿದಳು. ಅದು ಬಗ್ಗಿತು, ಬಿಟ್ಟರೆ ಮತ್ತೆ ನೆಟ್ಟಗಾಯಿತು.

“ಸೌಟಮ್ಮ, ಇದು ರಬ್ಬರಾ? ಅಳಿಸತ್ತಾ?” ಎಂದು ಕೇಳಿದಳು.

ಕೇಳಿ ಸುಮ್ಮನಾಗುವ ಮಗುವಲ್ಲ. ತರಗತಿಗೆ ಹೋಗಿ ಲೆಕ್ಕದ ಪುಸ್ತಕದ ಮೇಲೆ ತಿಕ್ಕಿ ನೋಡಿ ಬಂದು, “ಅಳಿಸಲ್ಲ,” ಎಂದು ವರದಿ ಒಪ್ಪಿಸಿದಳು. ತಮ್ಮ ಇಲಾಖೆ ಈವರೆಗೆ ನಡೆಸಿದ ಗುಣಮಟ್ಟ ಪರೀಕ್ಷೆಗಳಲ್ಲಿ ಇದೇ ಅತ್ಯಂತ ಶಿಸ್ತಿನದು ಎಂದು ನನ್ನ ನಂಬಿಕೆ. ಆ ವಾರ ಹಂದಿ ಸಾಕುವವರು ನಮ್ಮ ಎಂಜಲು ಡ್ರಮ್ಮನ್ನು ಒಂದರ ಬದಲು ಎರಡು ಸಲ ಬಂದು ಒಯ್ದರು.

ಇನ್ನು ತೋಟದ ಕಡೆಗೆ ಬಂದರೆ, ಕಳಿಸಿದ ಎಂಟು ಮೂಟೆಯಲ್ಲಿ ಐದು ಮೂಟೆ ವಾಪಸು ಬಂದವು. ಜೊತೆಗೆ ಒಂದು ಅಚ್ಚು ಮಾಡಿದ ಕಾಗದ, ಅದರಲ್ಲಿ ‘ತಿರಸ್ಕಾರಕ್ಕೆ ಕಾರಣ: ವಕ್ರ’. ಅತ್ತೆ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು.

“ಈ ತೋಟಕ್ಕೆ ಬಂದು ಐವತ್ತು ವರ್ಷ ಆಯ್ತು. ನನ್ನ ಸೊಸೆಗೇ ನಾನು ಇಂಥ ಸರ್ಟಿಫಿಕೇಟು ಕೊಟ್ಟಿಲ್ಲ,” ಎಂದರು.

ಸೊಸೆ ನಕ್ಕಳು. ನಕ್ಕದ್ದು ಗೊತ್ತಾಗಬಾರದೆಂದು ಬಗ್ಗಿ ಕಳೆ ಕೀಳತೊಡಗಿದಳು. ಅಲ್ಲಿ ಕಳೆ ಇರಲಿಲ್ಲ.

ಆಮೇಲೆ ತಾವು ಕಳಿಸಿದ ಇನ್‌ಸ್ಪೆಕ್ಟರ್ ಬಂದರು. ಒಳ್ಳೆಯ ಮನುಷ್ಯ, ಬೂಟು ಹೊಸದು. ಅವರ ಕೈಯಲ್ಲಿ ಒಂದು ರಂಧ್ರವಿದ್ದ ಹಲಗೆ ಇತ್ತು. ಆ ರಂಧ್ರದೊಳಗೆ ತೂರುವ ಕ್ಯಾರೆಟ್ಟು ಮಾತ್ರ ಮಕ್ಕಳಿಗೆ ಯೋಗ್ಯ. ಅವರು ತೋಟದಲ್ಲೇ ಕೂತು ಒಂದೊಂದನ್ನೇ ತೂರಿಸಿ ನೋಡುತ್ತಿದ್ದರು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿದರು.

“ಯಾಕಪ್ಪಾ, ಮಕ್ಕಳ ಬಾಯಿ ಇಷ್ಟೇ ಅಗಲ ಅಂತ ಅಳತೆ ತಗೊಂಡಿದೀರಾ?”

“ನಿಯಮ ನಂದಲ್ಲ ಅಜ್ಜಿ,” ಎಂದರು ಇನ್‌ಸ್ಪೆಕ್ಟರ್.

“ಅದು ಗೊತ್ತು. ನಿನ್ನದಾಗಿದ್ರೆ ನೀನೇ ಒಂದು ಕಡಿದು ನೋಡ್ತಿದ್ದೆ.”

ಅವರು ಕಡಿದು ನೋಡಿದರೋ ಇಲ್ಲವೋ ಎಂಬುದನ್ನು ಅವರ ನೌಕರಿಯ ಹಿತದೃಷ್ಟಿಯಿಂದ ನಾನು ಬರೆಯುವುದಿಲ್ಲ. ಹೋಗುವಾಗ ಅವರ ಎರಡೂ ಜೇಬು ಉಬ್ಬಿದ್ದವು.

ಇಲ್ಲಿಯವರೆಗೆ ನಾವು ಇದನ್ನು ತಮಾಷೆಯಾಗಿಯೇ ತೆಗೆದುಕೊಂಡಿದ್ದೆವು, ಮಾನ್ಯರೇ. ಆದರೆ ಎರಡನೇ ತಿಂಗಳು ಉಗ್ರಾಣದ ಕಡೆಯ ಮೂರು ಜನ ಅಳತೆ ಟೇಪು ಹಿಡಿದು ತೋಟಕ್ಕೆ ಬಂದರು. ಹನ್ನೆರಡು ಶಾಲೆಗಳ ತರಕಾರಿಯನ್ನು ಅತ್ತ ಇತ್ತ ಸಾಗಿಸಲು ಉಗ್ರಾಣಕ್ಕೆ ಲಾರಿಗಳು ಹೆಚ್ಚಾಗಿದ್ದವು, ಲಾರಿಗಳಿಗೆ ನಿಲ್ಲಲು ಜಾಗ ಬೇಕಿತ್ತು, ಮತ್ತು ಶಾಲೆಯ ಪಕ್ಕ, ರಸ್ತೆಗೆ ತಾಗಿ, ಬೆಳೆದದ್ದು ಮೂರರಲ್ಲಿ ಎರಡು ಪಾಲು ವಾಪಸು ಬರುವ ಒಂದು ಸಮತಟ್ಟಾದ ತೋಟ ಇದೆಯೆಂದು ಅವರಿಗೆ ಗೊತ್ತಾಗಿತ್ತು. ಕ್ಯಾರೆಟ್ಟನ್ನು ಹೊರಲು ಲಾರಿ, ಲಾರಿ ನಿಲ್ಲಲು ಕ್ಯಾರೆಟ್ಟಿನ ತೋಟ! ಇಂಥ ಅಚ್ಚುಕಟ್ಟಾದ ಯೋಜನೆಯನ್ನು ಕೇಳಿ ನಾನು ಮೂಗಿನ ಮೇಲೆ ಬೆರಳಿಟ್ಟೆ. ಅತ್ತೆ ಆ ಮೂವರಿಗೆ ಬೈಯಲಿಲ್ಲ. ಕೂತುಕೊಳ್ಳಲು ಹೇಳಿ, ನೀರು ಕೊಟ್ಟು, “ಯೋಚನೆ ಮಾಡಿ ಹೇಳ್ತೀನಿ,” ಎಂದು ಕಳಿಸಿದರು. ಅತ್ತೆ ಬೈಯದೇ ಹೋದದ್ದನ್ನು ಕಿಟಕಿಯಿಂದ ನೋಡಿದ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅಂದು ಸಂಜೆಯವರೆಗೂ ಬೇಲಿಯ ಕಡೆಯಿಂದ “ಅವಳಿಗೆ ಹೇಳು” ಎಂಬ ಮಾತೇ ಬರಲಿಲ್ಲ. ಬಿತ್ತನೆಯ ದಿನವಾಗಿತ್ತು, ಬೀಜದ ಡಬ್ಬಿ ತೋಟದ ಬದುವಿನ ಮೇಲೆ ಮುಚ್ಚಳ ಹಾಕಿಕೊಂಡು ಹಾಗೆಯೇ ಕೂತಿತ್ತು.

ಮರುದಿನ ನಾನು ಕಂಡಕ್ಟರ್ ಅಣ್ಣನಿಗೆ ವಿಷಯ ಹೇಳಿದೆ. ಅವನ ಬಾಯಿಗೆ ಬಿದ್ದ ಸುದ್ದಿ ಕೊನೆಯ ಸ್ಟಾಪಿನವರೆಗೂ ಹೋಗಿಯೇ ಹೋಗುತ್ತದೆ. ಟಿಕೆಟ್ ಕೊಡುವಾಗಲೇ, ತೋಟ ಉಳಿಸಬೇಕೆಂಬ ಒಂದು ಮನವಿಗೆ ಸಹಿ ಹಾಕಿಸಿಕೊಳ್ಳತೊಡಗಿದ. ಮೊದಮೊದಲು ಮಕ್ಕಳ ತಂದೆತಾಯಿಗಳು ಹಾಕಿದರು, ಆಮೇಲೆ ಶಾಲೆಗೆ ಮಕ್ಕಳನ್ನೇ ಕಳಿಸದವರು, ಆಮೇಲೆ ಸಹಿ ಹಾಕದಿದ್ದರೆ ಇಳಿಯಲು ಬಿಡುವುದಿಲ್ಲವೇನೋ ಎಂದು ಹೆದರಿದವರು. ಬಸ್ಸು ಹತ್ತು ನಿಮಿಷ ತಡವಾಗಿ ಓಡಿತು, ಯಾರೂ ದೂರಲಿಲ್ಲ. ಹಾಳೆಗೆ ಹಾಳೆ ಅಂಟಿಸಿ ಆ ಮನವಿ ಹದಿನಾಲ್ಕು ಅಡಿ ಉದ್ದವಾಯಿತು. ಅದನ್ನು ಸುರುಳಿ ಸುತ್ತಿ ತಮ್ಮ ಮೂರನೇ ಮಹಡಿಗೆ ಹೊತ್ತು ತಂದರೆ, ‘ಫೈಲಿನ ಅಳತೆಗೆ ಹೊಂದುವುದಿಲ್ಲ’ ಎಂದು ತಮ್ಮ ಗುಮಾಸ್ತರು ಹಿಂದಿರುಗಿಸಿದರು. ಕ್ಯಾರೆಟ್ಟಿಗೂ ಕಾಗದಕ್ಕೂ ತಾವು ಭೇದ ಮಾಡುವುದಿಲ್ಲವೆಂದು ತಿಳಿದು ನಮಗೆ ಸಮಾಧಾನವಾಯಿತು. ಆದರೂ ಅಷ್ಟು ಜನ ಮೆಟ್ಟಿಲ ಮೇಲೆ ನಿಂತದ್ದರಿಂದ ತಾವೇ ಹೊರಗೆ ಬಂದು, ಸಾರ್ವಜನಿಕ ಅಹವಾಲು ಸಭೆಗೆ ದಿನ ಗೊತ್ತುಮಾಡಿದಿರಿ. ಅದಕ್ಕೆ ನಿಜವಾಗಿಯೂ ಋಣಿ; ಇದನ್ನು ವ್ಯಂಗ್ಯವಾಗಿ ಬರೆದಿಲ್ಲ.

ಆ ಸಭೆಯಲ್ಲಿ ತಾವಿದ್ದಿರಿ, ಆದ್ದರಿಂದ ಎಲ್ಲವನ್ನೂ ನಾನು ಹೇಳಬೇಕಿಲ್ಲ. ಆದರೆ ತಾವು ವೇದಿಕೆಯ ಮೇಲಿದ್ದಿರಿ, ಬಾಗಿಲಲ್ಲಿ ನಡೆದದ್ದು ತಮಗೆ ಕಂಡಿರಲಿಕ್ಕಿಲ್ಲ. ಅತ್ತೆ ಒಂದು ಕೈಯಲ್ಲಿ ಆ ಬೆಳಿಗ್ಗೆ ಕಿತ್ತ ಕ್ಯಾರೆಟ್ಟು, ಇನ್ನೊಂದು ಕೈಯಲ್ಲಿ ಪ್ರವಾಸ ಮುಗಿಸಿ ಬಂದ ಕ್ಯಾರೆಟ್ಟು ಹಿಡಿದು ಬಂದಿದ್ದರು. ಎರಡನ್ನೂ ತಮ್ಮ ಮುಂದಿಟ್ಟು ಎರಡು ಮಾತಾಡಬೇಕೆಂದು ಒಂದು ವಾರದಿಂದ ಬಾಯಿಪಾಠ ಮಾಡಿದ್ದರು. ಬಾಗಿಲಲ್ಲಿದ್ದ ಜವಾನ ಗೋಡೆಯ ಫಲಕ ತೋರಿಸಿದ, ‘ಸಭಾಂಗಣದೊಳಗೆ ತಿನ್ನುವ ಪದಾರ್ಥಗಳನ್ನು ತರಬಾರದು’. ಆಹಾರದ ಬಗ್ಗೆ ಊರೆಲ್ಲ ಸೇರಿ ಚರ್ಚಿಸುವ ಸಭೆಗೆ ಆಹಾರಕ್ಕೆ ಪ್ರವೇಶವಿರಲಿಲ್ಲ. ಜವಾನ ಎರಡನ್ನೂ ಕಸಿದುಕೊಂಡು, ಒಂದನ್ನು ಕಸದ ಬುಟ್ಟಿಗೆ ಹಾಕಿ, ಇನ್ನೊಂದನ್ನು ತನ್ನ ಡ್ರಾಯರಿನಲ್ಲಿಟ್ಟುಕೊಂಡ. ಯಾವುದನ್ನು ಎಲ್ಲಿಗೆ ಎಂದು ಹೇಳುವ ಅಗತ್ಯವಿಲ್ಲ. ತಮ್ಮ ಇಲಾಖೆಯಲ್ಲಿ ತರಕಾರಿ ಆರಿಸಲು ಬರುವ ಒಬ್ಬರಾದರೂ ಇದ್ದಾರೆ.

ಅತ್ತೆಯ ಸರದಿ ಬಂತು. ಪ್ರತಿಯೊಬ್ಬರಿಗೆ ಮೂರು ನಿಮಿಷ, ಮೇಜಿನ ಮೇಲೆ ಗಡಿಯಾರ. ಅತ್ತೆ ಎದ್ದು ನಿಂತರು. ಕೈ ಖಾಲಿ. ಮಾತೆಲ್ಲ ಆ ಎರಡು ಕ್ಯಾರೆಟ್ಟಿಗೆ ಕಟ್ಟಿದ್ದವು, ಅವುಗಳ ಜೊತೆಗೇ ಹೊರಗೆ ಉಳಿದುಬಿಟ್ಟಿದ್ದವು. ಐವತ್ತು ವರ್ಷ ಯಾರಿಗೂ ಬಾಯಿ ಸೋಲದ ಹೆಂಗಸು ಬಾಯಿ ತೆರೆದರು, ಮುಚ್ಚಿದರು, ತಮ್ಮ ಅಂಗೈಯನ್ನೇ ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಗ ಪಕ್ಕದ ಕುರ್ಚಿಯಿಂದ ಸೊಸೆ ಎದ್ದಳು. ಅವಳು ನನ್ನ ಕಡೆ ನೋಡಲಿಲ್ಲ, “ಅವರಿಗೆ ಹೇಳಿ ಅಕ್ಕ” ಎನ್ನಲಿಲ್ಲ.

“ನಮ್ಮತ್ತೆ ಏನು ಹೇಳ್ಬೇಕು ಅಂತಿದಾರೆ ಅಂದ್ರೆ,” ಎಂದು ಶುರು ಮಾಡಿದಳು, “ಅವರು ಬೀಜ ಹಾಕೋದು ಶಾಲೆ ಕ್ಯಾಲೆಂಡರು ನೋಡಿ. ರಜೆ ಯಾವಾಗ ಅಂತ ಎಣಿಸ್ತಾರೆ. ಪರೀಕ್ಷೆ ವಾರಕ್ಕೆ ಸಿಹಿ ಜಾಸ್ತಿ ಇರೋ ತಳಿ ಹಾಕ್ತಾರೆ, ಆಗ ಮಕ್ಕಳು ಸರಿಯಾಗಿ ಉಣ್ಣಲ್ಲ ಅಂತ. ಒಂದನೇ ಕ್ಲಾಸಿನವರಿಗೆ ಹಲ್ಲು ಬಿದ್ದಿರತ್ತೆ ಅಂತ ಒಂದು ಸಾಲು ಎಳೇದ್ರಲ್ಲೇ ಕೀಳ್ತಾರೆ. ಇದನ್ನ ಅವರು ಯಾರಿಗೂ ಹೇಳಿಲ್ಲ. ನಂಗೂ ಹೇಳಿಲ್ಲ. ನಾನು ಪಕ್ಕದಲ್ಲಿದ್ದು ನೋಡಿದೀನಿ. ಯಾರು ತಿಂತಾರೆ ಅಂತ ಗೊತ್ತಿದ್ದು ಬಿತ್ತೋರು ಅವರು. ನಿಮ್ಮ ಉಗ್ರಾಣಕ್ಕೆ ಅದು ಗೊತ್ತಾ ಸಾರ್? ಡೊಂಕೋ ನೆಟ್ಟಗೋ ಅಂತ ಮಾತ್ರ ಗೊತ್ತು.”

ಗಂಟೆ ಹೊಡೆಯಿತು. ತಮ್ಮ ಗುಮಾಸ್ತರು, “ಸಮಯ ಮುಗೀತಮ್ಮ, ಕೂತ್ಕೊಳಿ,” ಎಂದರು.

ಅತ್ತೆ ತಿರುಗಿ ಸೊಸೆಯ ಮುಖವನ್ನೇ ನೋಡಿದರು. ಒಂಬತ್ತು ವರ್ಷದ ಮೇಲೆ ಮೊದಲ ಸಲ ನೇರವಾಗಿ ಅವಳಿಗೇ, “ಕೂರಬೇಡ. ಇನ್ನೂ ಇದೆಯಲ್ಲ, ಹೇಳು,” ಎಂದರು.

ಅಡುಗೆಮನೆಯಿಂದ ನೇರ ಬಂದಿದ್ದ ನಾನು ಏಪ್ರನ್ನಿನ ತುದಿಯಲ್ಲೇ ಕಣ್ಣೊರೆಸಿಕೊಂಡೆ. ತಾವೂ ಆಗ ಕನ್ನಡಕ ತೆಗೆದು ಗಾಜು ಒರೆಸಿದಿರಿ. ಧೂಳಿತ್ತೆಂದು ತಮ್ಮ ಪರವಾಗಿ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಒಂಬತ್ತು ವರ್ಷ ಕಿಟಕಿಯಲ್ಲಿ ನಿಂತೂ ನನ್ನಿಂದ ಆಗದ ರಾಜಿಯನ್ನು ತಮ್ಮ ಒಂದು ಆದೇಶ ಮಾಡಿಸಿತು. ಈಗ ನನಗೆ ಆ ಕೆಲಸವಿಲ್ಲ. ಇಬ್ಬರೂ ನೇರವಾಗಿಯೇ ಜಗಳವಾಡುತ್ತಾರೆ, ಬೆಳಗಿನಿಂದ ಮಧ್ಯಾಹ್ನದವರೆಗೆ, ಕಿವಿ ತುಂಬ. ಗಾರ್ಡ್ ಸಾಹೇಬ ಬಾವುಟ ಎರಡನ್ನೂ ಮಡಿಚಿಟ್ಟು, ರಜೆಯ ದಿನ ಅಂಗಳದಲ್ಲಿ ನಿದ್ದೆ ಮಾಡುತ್ತಾನೆ.

ಸಭೆಯ ನಂತರ ತಾವು ಉದಾರವಾಗಿ ಒಂದು ತಿದ್ದುಪಡಿ ಹೊರಡಿಸಿದಿರಿ: ಅಡುಗೆಮನೆಯ ಹೊಸಿಲಿನಿಂದ ಐವತ್ತು ಅಡಿಯೊಳಗಿನ ತೋಟದಿಂದ, ಒಂದು ಅವಧಿಯ ಮಟ್ಟಿಗೆ, ಪ್ರಾಯೋಗಿಕವಾಗಿ, ತರಕಾರಿ ಸೊಪ್ಪುಗಳನ್ನು ನೇರವಾಗಿ ಪಡೆಯಬಹುದು. ಟೇಪಿನವರು ಮತ್ತೆ ಬಂದಾಗ ಅತ್ತೆ ನೀರು ಕೊಡಲಿಲ್ಲ, ಬೈದು ಕಳಿಸಿದರು. ಅವರು ಹೋದ ಮಧ್ಯಾಹ್ನವೇ ಡಬ್ಬಿಯ ಮುಚ್ಚಳ ತೆಗೆದು ಇಬ್ಬರೂ ಬಿತ್ತನೆ ಮಾಡಿದರು. ಬೇಲಿಗೆ ಈಗ ಒಂದು ಸಣ್ಣ ಗೇಟು ಇಟ್ಟಿದ್ದೇವೆ.

ನನ್ನ ದೂರು ಇರುವುದೇ ಇಲ್ಲಿ. ಉಳಿದ ಹನ್ನೊಂದು ಶಾಲೆಗಳನ್ನು ಕಟ್ಟಿದವರು ಮುಂದಾಲೋಚನೆಯಿಲ್ಲದೆ ಅವುಗಳನ್ನು ತೋಟಗಳಿಂದ ಐವತ್ತು ಅಡಿಗಿಂತ ದೂರ ಕಟ್ಟಿಬಿಟ್ಟಿದ್ದಾರೆ. ಒಂದು ಶಾಲೆ ತೋಟದಿಂದ ಅರ್ಧ ಮೈಲಿ, ಇನ್ನೊಂದು ಎರಡು ಮೈಲಿ. ಸೊಪ್ಪು ಬೆಳೆಯುವ ಅಣ್ಣತಮ್ಮಂದಿರದು ಒಂದು ತೋಟವಿದೆ, ಅದು ಅಲ್ಲಿನ ಶಾಲೆಯಿಂದ ಅರವತ್ತೆರಡು ಅಡಿ. ಹನ್ನೆರಡು ಅಡಿಯ ದೆಸೆಯಿಂದ ಅವರ ಸೊಪ್ಪು ಇನ್ನೂ ಲಾರಿಯಲ್ಲಿ ದೇಶ ಸುತ್ತುತ್ತಿದೆ. ಕ್ಯಾರೆಟ್ಟಾದರೂ ರಬ್ಬರಾಗುತ್ತಿತ್ತು, ಸೊಪ್ಪು ಏನಾಗಿ ಬರುತ್ತದೆಂದು ಬರೆದರೆ ಈ ಪತ್ರಿಕೆಯವರು ಅಚ್ಚು ಹಾಕಲಾರರು. ಆದ್ದರಿಂದ ದಯವಿಟ್ಟು ಆ ಶಾಲೆಯನ್ನು ಹನ್ನೆರಡು ಅಡಿ ಪೂರ್ವಕ್ಕೆ ಸರಿಸಿಕೊಡಬೇಕೆಂದೂ, ಅದು ರಜೆಯಲ್ಲಾದರೆ ಮಕ್ಕಳ ಪಾಠಕ್ಕೆ ತೊಂದರೆಯಾಗದೆಂದೂ ವಿನಂತಿ. ಹಾಗೆಯೇ, ಕ್ಯಾರೆಟ್ಟು ಡೊಂಕಾಗುವುದು ಮಣ್ಣಿನಲ್ಲಿ ಕಲ್ಲು ಅಡ್ಡ ಬಂದಾಗ. ತಮ್ಮ ಮುದ್ರೆಯಿರುವ ಒಂದು ನೋಟೀಸನ್ನು ಎಲ್ಲ ಕಲ್ಲುಗಳಿಗೂ ಜಾರಿ ಮಾಡಿ, ಏಳು ದಿನದೊಳಗೆ ಪಕ್ಕಕ್ಕೆ ಸರಿಯಲು ಆಜ್ಞಾಪಿಸಬೇಕು. ಇವೆರಡೂ ಆಗದಿದ್ದಲ್ಲಿ, ಆದೇಶದಲ್ಲಿರುವ ‘ಐವತ್ತು ಅಡಿ’ ಎಂಬುದನ್ನು ಹೊಡೆದುಹಾಕಿ ‘ಒಂದು ಬೆಳಗಿನ ದಾರಿ’ ಎಂದು ಬರೆದರೆ ಸಾಕು. ಕೊಳೆತದ್ದು ಬಂದರೆ ವಾಪಸು ಕಳಿಸಲು ನಾವು ಹನ್ನೆರಡು ಜನ ಅಡುಗೆಯವರಿದ್ದೇವೆ. ನಮಗೆ ಮೂಗಿದೆ, ಬೆಳೆದವರ ಮನೆಯ ಬಾಗಿಲು ಗೊತ್ತಿದೆ, ಬೈಯಲು ಬಾಯಿಯೂ ಇದೆ. ಉಗ್ರಾಣಕ್ಕೆ ಇವು ಮೂರೂ ಇಲ್ಲ.

ಮುಂದಿನ ಅಹವಾಲು ಸಭೆಗೆ ಹನ್ನೆರಡು ಅಡುಗೆಮನೆಯವರೂ ಬರುತ್ತಿದ್ದೇವೆ. ಅದಕ್ಕೂ ಮೊದಲು ತಾವೊಮ್ಮೆ ನಮ್ಮಲ್ಲಿಗೆ ಊಟಕ್ಕೆ ಬರಬೇಕು. ಮಕ್ಕಳ ಬೆಂಚು ಗಿಡ್ಡ, ಮೊಣಕಾಲು ಗಲ್ಲಕ್ಕೆ ತಾಗುತ್ತದೆ. ಆದರೆ ಪಕ್ಕದಲ್ಲಿ ಕೂತವರು ಏನು ತಿಂದರು, ಏನು ಬಿಟ್ಟರು ಎಂಬುದು ಆ ಎತ್ತರದಿಂದಲೇ ಚೆನ್ನಾಗಿ ಕಾಣುತ್ತದೆ.

ಕೈ ಒರೆಸಿಕೊಂಡು, ಒಲೆಯ ಮೇಲೊಂದು ಕಣ್ಣಿಟ್ಟು ಇಷ್ಟನ್ನು ಬರೆದ,
ತಮ್ಮ ವಿಶ್ವಾಸಿ,
ಸೌಟಮ್ಮ
(ಘಟಕ, ಕ್ರಮಸಂಖ್ಯೆ ಒಂಬತ್ತು)

ಮರೆತ ಮಾತು: ತಮ್ಮ ಕಚೇರಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವರು ಕಳೆದ ತಿಂಗಳಿಂದ ವಾರಕ್ಕೆರಡು ಸಲ ಚೀಲ ಹಿಡಿದು, ನಡೆದುಕೊಂಡೇ, ನಮ್ಮ ಅತ್ತೆ ಸೊಸೆಯ ತೋಟಕ್ಕೆ ಬಂದು ಹೋಗುತ್ತಿದ್ದಾರೆ. “ಸಾಹೇಬರಿಗೆ ಮಾತ್ರ ಹೇಳಬೇಡಿ,” ಎಂದು ಕೈಮುಗಿದು ಕೇಳಿಕೊಂಡದ್ದರಿಂದ ನಾನು ತಮಗೆ ಹೇಳುತ್ತಿಲ್ಲ, ಪತ್ರಿಕೆಗೆ ಮಾತ್ರ ಬರೆಯುತ್ತಿದ್ದೇನೆ. ಯಾವ ಯಾವ ದಿನ ಎಂದು ವಿಚಾರಣೆ ನಡೆಸುವ ಶ್ರಮ ಬೇಡ. ಊಟದ ಹೊತ್ತಿಗೆ ತಾವು ತಟ್ಟೆ ಹಿಡಿದು ಎರಡನೇ ಸಲ ಬಡಿಸಿಕೊಳ್ಳಲು ಎದ್ದ ದಿನಗಳೇ ಅವು.